ಒಬ್ಬನಿಗೆಂದು ಹಾಕಿದ ಸಹಿ

‘ಬರೀ ಒಂದು ಸಹಿ ತಾನೇ?’

ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಸಂಬಂಧಿಕರು ಸಾಲ ಕೇಳಿದರೆ ಹಿಂದೆ ಮುಂದೆ ನೋಡುವ ನಾವು, ಸಹಿ ಕೇಳಿದರೆ ಪೆನ್ನು ಹುಡುಕುತ್ತೇವೆ. ಹಣ ಕೈಬಿಟ್ಟು ಹೋಗುವುದು ಕಣ್ಣಿಗೆ ಕಾಣುತ್ತದೆ. ಸಹಿಯಿಂದ ಏನು ಹೋಯಿತೆಂದು ಆ ದಿನ ಕಾಣುವುದಿಲ್ಲ. ಆದ್ದರಿಂದ ಸಹೋದರಿಯರೇ, ಈ ತಿಂಗಳು ಒಂದು ಸಹಿಯ ಕಥೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ನನ್ನ ಗೆಳತಿಯೊಬ್ಬಳ ಮಗ 2023ರಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋದ. ಅವನ ಫುಪ್ಪು, ಅಂದರೆ ಗೆಳತಿಯ ನಾದಿನಿ, ಮದುವೆಯಾಗಿ ಅದೇ ಊರಿನಲ್ಲಿದ್ದಾಳೆ. ಶಾಲೆಯೊಂದರಲ್ಲಿ ಸಣ್ಣ ಉದ್ಯೋಗ. ಹುಡುಗ ತನ್ನ ಮೂವರು ಸಹಪಾಠಿಗಳ ಜೊತೆ ಸೇರಿ ಒಂದು ಮನೆ ನೋಡಿದ. ತಲೆಗೆ ತಿಂಗಳಿಗೆ 400 ಪೌಂಡ್, ಒಟ್ಟು 1,600 ಪೌಂಡ್ ಬಾಡಿಗೆ. ಆ ದೇಶದಲ್ಲಿಯೇ ಇದ್ದು, ಸಂಬಳ ಅಥವಾ ಸ್ವಂತ ಮನೆ ಇರುವವರೊಬ್ಬರು ‘ಗ್ಯಾರಂಟರ್’ ಆಗಿ ಸಹಿ ಹಾಕಬೇಕು ಎಂದ ಏಜೆಂಟ್. ಉಳಿದ ಮೂವರಿಗೆ ಅಲ್ಲಿ ಯಾರೂ ಇರಲಿಲ್ಲ. ‘ಮನೆಗೊಬ್ಬರು ಸಾಕು’ ಎಂದು ಏಜೆಂಟನೇ ಹೇಳಿದ.

ಗೆಳತಿ ಶಿವಮೊಗ್ಗದಿಂದ ನಾದಿನಿಗೆ ಫೋನು ಮಾಡಿದಳು. ‘ನಮ್ಮ ಹುಡುಗ ಬಾಡಿಗೆ ತಪ್ಪಿಸುವವನಲ್ಲ, ಒಂದು ಸಹಿ ಹಾಕಮ್ಮಾ’ ಎಂದಳು. ‘ಅದಕ್ಕೇನು ಭಾಬಿ, ಅವನು ನನ್ನ ಮಗನೂ ಹೌದಲ್ಲವೇ?’ ಎಂದು ಅವಳೂ ಸಂತೋಷದಿಂದಲೇ ಹಾಕಿದಳು.

ಹುಡುಗ ಮಾತಿಗೆ ತಪ್ಪಲಿಲ್ಲ. ಪ್ರತಿ ತಿಂಗಳೂ ತನ್ನ 400 ಪೌಂಡ್ ಕಟ್ಟಿದ. ಆದರೆ ಮಾರ್ಚ್ ಮುಗಿಯುವಾಗ ಗೆಳೆಯನೊಬ್ಬ ಓದು ಬಿಟ್ಟು ಊರಿಗೆ ಮರಳಿದ. ಇನ್ನೊಬ್ಬ ಕೆಲಸ ಹುಡುಕಿಕೊಂಡು ಬೇರೆ ನಗರಕ್ಕೆ ಹೋದ. ಕರಾರು ಆಗಸ್ಟ್ ಕೊನೆಯವರೆಗಿತ್ತು. ಇಬ್ಬರ ಐದು ತಿಂಗಳ ಬಾಡಿಗೆ 4,000 ಪೌಂಡ್. ಮನೆ ಬಿಡುವಾಗ ಸುಟ್ಟ ಕಾರ್ಪೆಟ್, ಮುರಿದ ಬಾಗಿಲು ಎಂದು ಇನ್ನೂ 1,350. ಠೇವಣಿಯ 1,800 ಕಳೆದು 3,550 ಪೌಂಡ್ ಕೊಡಿ ಎಂಬ ಪತ್ರ ಬಂದದ್ದು ಓಡಿಹೋದ ಹುಡುಗರಿಗಲ್ಲ, ಫುಪ್ಪುವಿಗೆ. ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷ ರೂಪಾಯಿಗೂ ಮೇಲೆ.

‘ನನ್ನ ಮಗನ ಬಾಕಿ ಒಂದು ಪೈಸೆಯೂ ಇಲ್ಲವಲ್ಲ, ಬೇರೆಯವರದನ್ನು ನಾವೇಕೆ ಕೊಡಬೇಕು?’ ಎಂದು ಗೆಳತಿಯ ಗಂಡ ಕೇಳಿದರು. ‘ನಿಮ್ಮ ಮಗನಿಗಾಗಿ ತಾನೇ ನಾನು ಸಹಿ ಹಾಕಿದ್ದು?’ ಎಂದು ತಂಗಿ ಕೇಳಿದಳು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಕೊನೆಗೆ ತನ್ನ ಉಳಿತಾಯದಿಂದ ಅವಳೇ ಕಟ್ಟಿದಳು. ಅಂದಿನಿಂದ ಅಣ್ಣ ತಂಗಿಯ ನಡುವೆ ಈದ್ ಮುಬಾರಕ್‌ನ ಸಂದೇಶ ಮಾತ್ರ ಉಳಿದಿದೆ.

ತಪ್ಪು ಎಲ್ಲಾಯಿತು? ಹುಡುಗನನ್ನು ನಂಬಿದ್ದರಲ್ಲಿ ಅಲ್ಲ. ಕಾಗದವನ್ನು ಓದದೇ ಇದ್ದುದರಲ್ಲಿ.

ನಮ್ಮಲ್ಲಿ ಬಾಡಿಗೆ ಎಂದರೆ ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರೂ ಇದ್ದಾರೆ. ಮಾಲೀಕನಿಗೆ ಭದ್ರತೆ ಆ ಹಣದಲ್ಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. 2019ರ ಒಂದು ಕಾನೂನಿನ ಪ್ರಕಾರ ಸಾಮಾನ್ಯ ಮನೆಗಳಿಗೆ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಆದ್ದರಿಂದ ಮಾಲೀಕರು ಹಣದ ಬದಲು ಮನುಷ್ಯರನ್ನು ಭದ್ರತೆಯಾಗಿ ಕೇಳುತ್ತಾರೆ. ಗಲ್ಫ್‌ನಲ್ಲಿ ದುಡಿದವರ ಮನೆಗಳಿಗೆ ‘ಕಫೀಲ್’ ಎಂಬ ಪದ ಗೊತ್ತು. ಹೊಣೆ ಹೊತ್ತವನು ಎಂಬುದೇ ಅದರ ಅರ್ಥ. ಗ್ಯಾರಂಟರ್ ಎಂದರೂ ಅದೇ. ಹುಡುಗನ ಗುಣಕ್ಕೆ ಸಾಕ್ಷಿ ಹೇಳುವವರಲ್ಲ, ಅವನು ಕೊಡದಿದ್ದರೆ ತಾನು ಕೊಡುತ್ತೇನೆ ಎಂದು ಬರೆದುಕೊಟ್ಟವರು.

ನಾಲ್ವರು ಸೇರಿ ಒಂದೇ ಕರಾರಿಗೆ ಸಹಿ ಹಾಕಿದರೆ ಅದನ್ನು ‘ಜಾಯಿಂಟ್ ಟೆನೆನ್ಸಿ’ ಎನ್ನುತ್ತಾರೆ. ಅದರಲ್ಲಿ ‘ಜಾಯಿಂಟ್ಲಿ ಆ್ಯಂಡ್ ಸೆವೆರಲ್ಲಿ’ ಎಂಬ ಮಾತು ಇದ್ದೇ ಇರುತ್ತದೆ. ಎಲ್ಲರೂ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರೂ ಪೂರ್ತಿಯಾಗಿ ಹೊಣೆ ಎಂದು ಅದರ ಅರ್ಥ. ಅಂದರೆ ‘ನನ್ನ ಪಾಲು 400’ ಎಂಬುದು ಹುಡುಗರು ತಮ್ಮೊಳಗೆ ಮಾಡಿಕೊಂಡ ಮಾತು ಮಾತ್ರ. ಮಾಲೀಕನ ಕಣ್ಣಿನಲ್ಲಿ ಪ್ರತಿಯೊಬ್ಬನ ಪಾಲೂ 1,600. ಅಂಥ ಹುಡುಗನಿಗೆ ಮಿತಿ ಹಾಕದೆ ಜಾಮೀನು ನಿಂತರೆ ನೀವೂ ಆ 1,600ಕ್ಕೆ, ಜೊತೆಗೆ ಮನೆಗಾದ ಹಾನಿಗೂ ಹೊಣೆಯಾಗುತ್ತೀರಿ. ನಾಲ್ವರಿಗೂ ಬೇರೆ ಬೇರೆ ಗ್ಯಾರಂಟರ್ ಇದ್ದರೂ ನಿಶ್ಚಿಂತೆಯಿಲ್ಲ. ಯಾರಿಂದ ವಸೂಲಿ ಸುಲಭವೋ ಅವರನ್ನು ಮಾಲೀಕ ಹಿಡಿಯಬಹುದು.

ಬಾಯಿಮಾತಿನ ಜಾಮೀನು ಇಂಗ್ಲೆಂಡಿನ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಬರವಣಿಗೆಯಲ್ಲಿರಬೇಕು ಎಂದು ಅಲ್ಲಿ 1677ರಲ್ಲೇ ಕಾನೂನಾಗಿದೆ. ನಿಮ್ಮನ್ನು ಕಟ್ಟಿಹಾಕುವುದು ಕಾಗದದಲ್ಲಿ ಬರೆದ ಮಾತೇ ಆದ್ದರಿಂದ, ನಿಮ್ಮನ್ನು ಕಾಯಬೇಕಾದ ಮಾತೂ ಅದೇ ಕಾಗದದಲ್ಲಿ ಇರಬೇಕು. ಏಜೆಂಟ್ ಫೋನಿನಲ್ಲಿ ‘ಇದೆಲ್ಲ ಬರೀ ಫಾರ್ಮಾಲಿಟಿ’ ಎಂದದ್ದು ಆಮೇಲೆ ಕೈಹಿಡಿಯುವುದಿಲ್ಲ. ಹಣ ಕಟ್ಟದೆ ಕುಳಿತರೆ ಪ್ರಕರಣ ಕೋರ್ಟಿಗೆ ಹೋಗಬಹುದು. ಅಲ್ಲಿ ತೀರ್ಪಾಗಿ, ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಆ ದಾಖಲೆ ಆರು ವರ್ಷ ಉಳಿಯುತ್ತದೆ. ಮನೆ ಸಾಲ ಬಿಡಿ, ಸಣ್ಣಪುಟ್ಟ ಸಾಲ ಸಿಗುವುದೂ ಕಷ್ಟವಾಗುತ್ತದೆ.

ಕಟ್ಟಿದ ಹಣವನ್ನು ಬಾಡಿಗೆದಾರನಿಂದ ವಾಪಸು ಕೇಳುವ ಹಕ್ಕು ಜಾಮೀನುದಾರರಿಗೆ ಇದೆ. ಆದರೆ ಫುಪ್ಪು ಯಾರನ್ನು ಕೇಳಬೇಕು? ಪೂರ್ತಿ ಕಟ್ಟಿದ ಅಣ್ಣನ ಮಗನನ್ನೋ? ಬೇರೆ ದೇಶಕ್ಕೆ ಹೋಗಿ ಫೋನ್ ನಂಬರ್ ಬದಲಿಸಿದ ಗೆಳೆಯನನ್ನೋ?

ಈಗ ಕಾನೂನು ಸ್ವಲ್ಪ ಬದಲಾಗಿದೆ. ‘ಬಾಡಿಗೆದಾರರ ಹಕ್ಕುಗಳ ಕಾಯ್ದೆ, 2025’ರ ಮುಖ್ಯ ಭಾಗಗಳಿಗೆ 2026ರ ಮೇ 1 ಜಾರಿಯ ದಿನ. ಇದರಂತೆ ಖಾಸಗಿ ಮನೆಗಳಿಗೆ ವರ್ಷದ ಕರಾರು ಎಂಬುದಿಲ್ಲ, ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಜಾಯಿಂಟ್ ಟೆನೆನ್ಸಿಯಲ್ಲಿ ಒಬ್ಬ ನೋಟಿಸ್ ಕೊಟ್ಟರೂ ಎಲ್ಲರ ಕರಾರು ಮುಗಿಯುತ್ತದೆ. ಇದು ಜಾಮೀನುದಾರರಿಗೆ ಒಳ್ಳೆಯದೇ. ಆದರೆ ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮೊದಲೇ ಕೇಳುವಂತಿಲ್ಲ ಎಂದೂ ಅದರಲ್ಲಿದೆ. ಹಿಂದೆ ಗ್ಯಾರಂಟರ್ ಸಿಗದ ನಮ್ಮ ಮಕ್ಕಳು ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಟು ಮನೆ ಹಿಡಿಯುತ್ತಿದ್ದರು. ಆ ದಾರಿ ಮುಚ್ಚಿದರೆ ‘ಅಲ್ಲಿ ನಮ್ಮವರು ಯಾರಿದ್ದಾರೆ?’ ಎಂಬ ಹುಡುಕಾಟ ಹೆಚ್ಚಾಗುವುದು ಸಹಜ. ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನ ಕಾನೂನು ಬೇರೆ.

ಹಾಗಾದರೆ ಸಹಾಯ ಮಾಡಲೇಬಾರದೇ? ಖಂಡಿತ ಮಾಡಬೇಕು. ಪರದೇಶದಲ್ಲಿ ಓದುವ ಮಗುವಿಗೆ ಸೂರು ಒದಗಿಸುವುದು ಸಣ್ಣ ಉಪಕಾರವಲ್ಲ. ಆದರೆ ತಿಳಿದು ಮಾಡಬೇಕು.

ನೀವು ಸಹಿ ಹಾಕುವವರಾಗಿದ್ದರೆ, ಬಾಡಿಗೆ ಕರಾರು ಮತ್ತು ಜಾಮೀನು ಪತ್ರ ಎರಡನ್ನೂ ತರಿಸಿಕೊಂಡು ಓದಿ. ‘ಈ ಹುಡುಗನ ಪಾಲಿನ ಬಾಡಿಗೆಗೆ ಮಾತ್ರ, ಅವನಿಂದಾದ ಹಾನಿಗೆ ಮಾತ್ರ’ ಎಂದು ಬರೆಸಿ. ಹೆಚ್ಚೆಂದರೆ ಇಷ್ಟು ಪೌಂಡ್, ಇಂಥ ದಿನಾಂಕದವರೆಗೆ ಎಂಬ ಮಿತಿಯನ್ನೂ ಬರೆಸಿ. ಬಾಡಿಗೆ ಏರಿದರೆ ಅಥವಾ ಹೊಸಬ ಬಂದು ಸೇರಿದರೆ ನಿಮ್ಮನ್ನು ಕೇಳಬೇಕು ಎಂಬ ಮಾತೂ ಇರಲಿ. ಬದಲಿಸಲು ಏಜೆಂಟ್ ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ನಿಮ್ಮ ಉತ್ತರವೂ ಬದಲಾಗಲಿ. ಮನೆಯಲ್ಲಿ ಕುಳಿತು ಮಾತಾಡದೆ ಸಹಿ ಹಾಕಬೇಡಿ. ಸಹಿ ಒಬ್ಬರದಾದರೂ ಹಣ ಹೋಗುವುದು ಮಕ್ಕಳ ಅನ್ನದಿಂದ. ಪ್ರತಿಯೊಂದರ ನಕಲನ್ನು ಜೋಪಾನವಾಗಿಡಿ.

ನೀವು ಸಹಿ ಕೇಳುವ ತಾಯಿಯಾಗಿದ್ದರೆ, ಮೊದಲು ಬೇರೆ ದಾರಿಗಳನ್ನು ನೋಡಿ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳಿಗೆ ತಾವೇ ಗ್ಯಾರಂಟರ್ ಆಗುವ ಯೋಜನೆ ಇಟ್ಟುಕೊಂಡಿವೆ. ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಿವೆ. ಕೋಣೆಗೊಂದರಂತೆ ಪ್ರತ್ಯೇಕ ಕರಾರು ಮಾಡಿಕೊಡುವ ಮನೆಗಳೂ ಇವೆ. ಅಲ್ಲಿ ಪಕ್ಕದ ಕೋಣೆಯವನು ಓಡಿಹೋದರೆ ಅವನ ಬಾಡಿಗೆ ನಿಮ್ಮ ಮಗನ ತಲೆಗೆ ಬರುವುದಿಲ್ಲ. ಇದೊಂದೂ ಆಗದೆ ಸಂಬಂಧಿಕರನ್ನೇ ಕೇಳಬೇಕಾದರೆ ‘ಬರೀ ಒಂದು ಸಹಿ’ ಎನ್ನಬೇಡಿ. ‘ಹಣ ಕಟ್ಟುವ ಸಂದರ್ಭ ಬಂದರೆ ಯಾರ ಬಾಕಿಯಾದರೂ ನಾವು ಕೊಡುತ್ತೇವೆ’ ಎಂದು ಬರೆದು ಕಳುಹಿಸಿ. ಬರೆಯಲು ಕೈ ನಡುಗಿದರೆ, ಅಷ್ಟೇ ದೊಡ್ಡ ಹೊಣೆಯನ್ನು ಇನ್ನೊಬ್ಬರ ತಲೆಗೆ ಹೊರಿಸಲು ಹೊರಟಿದ್ದೇವೆ ಎಂದಾದರೂ ನಮಗೆ ಅರಿವಾದೀತು.

‘ನಮ್ಮ ಮನೆಯಿಂದ ಯಾರೂ ವಿದೇಶಕ್ಕೆ ಹೋಗಿಲ್ಲ, ನಮಗೇಕೆ ಇದು?’ ಎನ್ನಬೇಡಿ. ಪಕ್ಕದ ಬೀದಿಯ ಸಹಕಾರಿ ಸಂಘದಲ್ಲಿ ಮೈದುನನ ಸಾಲಕ್ಕೆ ಹಾಕಿದ ಸಹಿಯೂ ಇದೇ ಜಾತಿಯದು. ನಮ್ಮ ದೇಶದ 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಬೇರೆ ಷರತ್ತು ಬರೆಯದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ.

ಮೊನ್ನೆ ಗೆಳತಿ ಸಿಕ್ಕಿದ್ದಳು. ಮಗನಿಗೆ ಈಗ ಕೆಲಸ ಸಿಕ್ಕಿದೆ. ಫುಪ್ಪುವಿಗೆ ತಿಂಗಳಿಗೆ 150 ಪೌಂಡ್‌ನಂತೆ ಕಳುಹಿಸಲು ಅವನೇ ಶುರು ಮಾಡಿದ್ದಾನಂತೆ. ‘ಕಾನೂನು ನನಗೆ ಗೊತ್ತಿಲ್ಲ ಅಮ್ಮಿ, ಸಹಿ ಹಾಕಿದ್ದು ನನಗಾಗಿ’ ಎಂದನಂತೆ. ಮೊದಲ ಕಂತು ತಲುಪಿದ ದಿನ ನಾದಿನಿ ಫೋನು ಮಾಡಿ ಬಹಳ ಹೊತ್ತು ಅತ್ತಳಂತೆ.

‘ಹಣಕ್ಕಲ್ಲ ಅವಳು ಅತ್ತಿದ್ದು’ ಎಂದಳು ಗೆಳತಿ. ‘ನಾನು ಅಂದು ಕಾಗದ ಓದಿ ಕೇಳಿದ್ದರೆ ಅವಳು ಇಲ್ಲ ಎನ್ನುತ್ತಿದ್ದಳೇನೋ. ನನಗೆ ನಾಲ್ಕು ದಿನ ಬೇಸರವಾಗುತ್ತಿತ್ತು. ಎರಡು ವರ್ಷ ಮಾತು ಬಿಡುವಂತಾಗುತ್ತಿರಲಿಲ್ಲ.’