ನಮ್ಮ ಮನೆಯ ಲೆಕ್ಕ ನಾವೇ ಬರೆಯಬೇಡವೇ?

ನಮ್ಮ ಮಾಸಿಕದ ಹಿಂದಿನ ಕೆಲವು ಸಂಚಿಕೆಗಳನ್ನು ಮೊನ್ನೆ ಭಾನುವಾರ ತಿರುವಿ ಹಾಕಿದೆವು. ತಾಳಮದ್ದಳೆಯ ವರದಿ, ಸನ್ಮಾನದ ಚಿತ್ರ, ದತ್ತಿ ಉಪನ್ಯಾಸದ ಸಾರಾಂಶ, ವಿದ್ಯಾರ್ಥಿ ವೇತನದ ಪಟ್ಟಿ, ಶ್ರದ್ಧಾಂಜಲಿ. ಎಲ್ಲವೂ ಬೇಕಾದುದೇ. ಆದರೆ ಈ ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಕುಶಲ ಪ್ರಶ್ನೆಯ ಬೆನ್ನಿಗೇ ಬರುವ ಮಾತು ಯಾವುದು? "ನಿಮ್ಮ ಬಿಲ್ಡಿಂಗಿನದು ಏನಾಯಿತು?" ಎಂಬುದು. ಆ ಮಾತಿಗೆ ನಮ್ಮ ಮಾಸಿಕದಲ್ಲಿ ಅರ್ಧ ಪುಟವೂ ಇಲ್ಲ.

ನಮ್ಮ ಸದಸ್ಯರೊಬ್ಬರದು ಅಜ್ಜನ ಕಾಲದ ಪಗಡಿ ಖೋಲಿ. ಹೊಸ ಕಟ್ಟಡ ಕಟ್ಟಿಕೊಡುತ್ತೇವೆಂದು ಚಾಳನ್ನು ಕೆಡವಿದರು. ಹದಿನೆಂಟು ತಿಂಗಳು ಬಾಡಿಗೆಯ ಹಣ ಬಂತು, ಆಮೇಲೆ ನಿಂತಿತು. ಈಗ ಅವರ ವಾಸ ಬದಲಾಪುರದಲ್ಲಿ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಬಂದು ಕುರ್ಚಿ ಹಾಕುತ್ತಿದ್ದವರು ಎರಡು ವರ್ಷಗಳಿಂದ ಇತ್ತ ಸುಳಿದಿಲ್ಲ. ನಾವಾದರೋ ಮಹಾಸಭೆಯಲ್ಲಿ ಹಾಜರಿ ಕಡಿಮೆಯಾಯಿತೆಂದು ಮರುಗುತ್ತೇವೆ, ಕನ್ನಡಾಭಿಮಾನ ಕುಂದಿತೆಂದು ಭಾಷಣ ಮಾಡುತ್ತೇವೆ. ಅಭಿಮಾನ ಕುಂದಿಲ್ಲ ಸ್ವಾಮಿ, ರಾತ್ರಿಯ ಕೊನೆಯ ಲೋಕಲ್ ತಪ್ಪೀತೆಂಬ ಹೆದರಿಕೆ.

ಈಗ ಸರ್ಕಾರದ ಅಂಕಿಗಳನ್ನು ನೋಡೋಣ. 2001ರ ಜನಗಣತಿಯಂತೆ ಬೃಹನ್ಮುಂಬಯಿಯ 1 ಕೋಟಿ 19 ಲಕ್ಷ ಜನರಲ್ಲಿ ಝೋಪಡಪಟ್ಟಿಯವರು ಸುಮಾರು 64 ಲಕ್ಷ 75 ಸಾವಿರ, ಅಂದರೆ ನೂರಕ್ಕೆ 54. 2011ರಲ್ಲಿ ಜನಸಂಖ್ಯೆ 1 ಕೋಟಿ 24 ಲಕ್ಷಕ್ಕೆ ಏರಿತು. ಝೋಪಡಪಟ್ಟಿಯವರು ಮಾತ್ರ ಸುಮಾರು 52 ಲಕ್ಷಕ್ಕೆ ಇಳಿದರು, ನೂರಕ್ಕೆ 42. ಹತ್ತು ವರ್ಷಗಳಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಜನ ಪಟ್ಟಿಯಿಂದ ಇಳಿದುಹೋದರು. ಮನೆಗೆ ಐವರಂತೆ ಹಿಡಿದರೂ ಇವರಿಗೆ ಎರಡೂವರೆ ಲಕ್ಷ ಮನೆಗಳು ಬೇಕು. ಝೋಪಡಪಟ್ಟಿ ಪುನರ್ವಸತಿ ಯೋಜನೆ 1995ರಲ್ಲಿ ಹೊರಟಾಗ ಐದು ವರ್ಷಗಳಲ್ಲಿ 40 ಲಕ್ಷ ಜನರಿಗೆ 8 ಲಕ್ಷ ಮನೆಗಳನ್ನು ಪುಕ್ಕಟೆ ಕೊಡುವೆವೆಂದು ವಾಗ್ದಾನವಾಗಿತ್ತು. ಮೂವತ್ತು ವರ್ಷ ಕಳೆದರೂ ಅದರ ಅರ್ಧವನ್ನೂ ಮುಟ್ಟಿಲ್ಲ. ಹಾಗಾದರೆ ಆ ಹನ್ನೆರಡು ಲಕ್ಷ ಜನ ಎಲ್ಲಿ ಹೋದರು? ಎಷ್ಟು ಮಂದಿ ಹೊಸ ಕಟ್ಟಡ ಸೇರಿದರು, ಎಷ್ಟು ಮಂದಿ ವಸಯಿ, ನಾಲಾಸೋಪಾರಗಳಿಗೆ ಗಂಟುಮೂಟೆ ಕಟ್ಟಿದರು, ಎಷ್ಟು ಮಂದಿ ಎಣಿಸುವವರ ಗೆರೆಯ ಆಚೆ ಉಳಿದರು? ಅಳತೆಗೋಲು ಬದಲಾದರೆ ಅಳತೆಯೂ ಬದಲಾಗುತ್ತದೆಂಬುದು ಬಿ.ಎಸ್‌ಸಿ. ತರಗತಿಯಲ್ಲಿ ನಾವು ಕಲಿತ ಮೊದಲ ಪಾಠ. ವಾರ್ಡು ವಾರ್ಡಿಗೆ ಹೋಗಿ ಈ ಪ್ರಶ್ನೆ ಕೇಳುವುದು ಪತ್ರಿಕೆಯ ಕೆಲಸ.

ಇನ್ನೊಂದು ಅಂಕಿ. ಅದೇ 2011ರಲ್ಲಿ ಮುಂಬಯಿಯಲ್ಲಿ ಬೀಗ ಹಾಕಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 4 ಲಕ್ಷ 80 ಸಾವಿರ. ಮಹಾನಗರಗಳಲ್ಲಿ ನಾವೇ ಮೊದಲು ಎಂದು ಕೇಂದ್ರದ 2017-18ರ ಆರ್ಥಿಕ ಸಮೀಕ್ಷೆಯೇ ಹೇಳಿತು. ಬೆಂಗಳೂರಿನವರೂ ನಗಬೇಕಾಗಿಲ್ಲ, ಅಲ್ಲಿಯೂ ಸುಮಾರು ಮೂರು ಲಕ್ಷ. 2021ರ ಜನಗಣತಿಯಂತೂ ನಡೆಯಲೇ ಇಲ್ಲ. 2027ರದರ ಅಂಕಿಗಳು ಕೈಗೆ ಬರುವವರೆಗೆ ಈ ಹಳೆಯ ಲೆಕ್ಕದ ಮೇಲೆಯೇ ನಮ್ಮ ನಾಳೆಯ ಯೋಜನೆ.

ಯಾರೂ ಲೆಕ್ಕ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿರಣಿಗಳ ಭೂಮಿಯೇ ಸಾಕ್ಷಿ. ಸುಮಾರು 600 ಎಕರೆ ಜಾಗ. ಗಿರಣಿಯ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ಮೂರರಲ್ಲೊಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದ ಪಾಲು ಮಾಲೀಕರಿಗೆ ಎಂಬುದು 1991ರ ನಿಯಮ. 2001ರಲ್ಲಿ ಅದನ್ನು ತಿದ್ದಿ, ಹಂಚಿಕೆ ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದರು. ಗಿರಣಿಯ ಜಾಗವೆಂದರೆ ಬಹುಪಾಲು ಕಟ್ಟಡವೇ. ಊರಿನ ಪಾಲು ಕಾಗದದ ಮೇಲೆಯೇ ಕರಗಿತು. ಬಹುಜನರಿಗೆ ಅರ್ಥವಾಗುವ ಹೊತ್ತಿಗೆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದಲ್ಲಿತ್ತು. 2006ರಲ್ಲಿ ತಿದ್ದುಪಡಿಯೇ ಗೆದ್ದಿತು.

"ಸಂಘದಲ್ಲಿ ರಾಜಕೀಯ ಬೇಡ" ಎಂದು ಹಿರಿಯರು ಹೇಳುವುದುಂಟು. ಎಣಿಸುವುದು ರಾಜಕೀಯವಾದರೆ, ಎಣಿಸದೆ ಕಣ್ಣು ಮುಚ್ಚಿಕೊಳ್ಳುವುದೂ ಯಾರದೋ ಪರವಾದ ರಾಜಕೀಯವೇ. "ನಾವು ಹೊರಗಿನಿಂದ ಬಂದವರು, ಏಕೆ ನಿಷ್ಠುರ?" ಎನ್ನುವವರಿದ್ದಾರೆ. ನಲ್ಲಿಯ ತೆರಿಗೆ ಕಟ್ಟುವಾಗ, ಮತ ಹಾಕುವಾಗ ನಾವು ಹೊರಗಿನವರಲ್ಲ. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಮಿಕ್ಕಿ ಮಹಾನಗರಪಾಲಿಕೆಯಲ್ಲಿ ನಮ್ಮ ನಗರಸೇವಕರೇ ಇರಲಿಲ್ಲ; ಆಡಳಿತಾಧಿಕಾರಿಯೇ ಸರ್ವಸ್ವ. ಆ ದಿನಗಳಲ್ಲಿ ನಾವು ಎಷ್ಟು ಪ್ರಶ್ನೆ ಕೇಳಿದೆವು? "ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತವಲ್ಲ" ಎಂಬುದು ಮೂರನೆಯ ಸಮಾಧಾನ. ಕೆಲವರು ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಕೊಳ್ಳುವವನಿಗೆ ಚದರಡಿಯ ಧಾರಣೆ ತಿಳಿಸುವಷ್ಟು ಉತ್ಸಾಹ ಖೋಲಿ ಕಳೆದುಕೊಂಡವನ ಬಗ್ಗೆ ಕಾಣೆವು. ಅವರನ್ನು ಅಂದು ಪ್ರಯೋಜನವಿಲ್ಲ. ನಮ್ಮ ವಾರ್ಷಿಕ ಸ್ಮರಣ ಸಂಚಿಕೆಯ ಹಿಂಬದಿಯ ರಕ್ಷಾಪುಟದ ಜಾಹೀರಾತು ಯಾರದೆಂದು ಒಮ್ಮೆ ನೋಡಿಕೊಳ್ಳೋಣ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ನಿವೃತ್ತಿಯವರೆಗೆ ಸರ್ಕಾರಿ ವಸತಿಯುಂಟು. ಆದುದರಿಂದಲೇ ಇಷ್ಟು ವರ್ಷ ಸುಮ್ಮನಿದ್ದೆವೆಂದು ಒಪ್ಪಿಕೊಳ್ಳುತ್ತೇವೆ. ವಸತಿ ಬಿಟ್ಟುಕೊಡುವ ದಿನ ನಾವೂ ಅದೇ ಸಾಲಿನಲ್ಲಿ ನಿಲ್ಲುವವರು.

ಆಡಳಿತ ಸಮಿತಿಗೆ ನಮ್ಮ ಬೇಡಿಕೆ ಸಣ್ಣದು. ಸದಸ್ಯತ್ವ ನವೀಕರಣದ ಅರ್ಜಿಯ ಜೊತೆಗೆ ಒಂದು ಚೀಟಿ ಇಡಿ. ಹೆಸರು ಬೇಡ, ಐದೇ ಪ್ರಶ್ನೆ: ಮನೆ ಎಷ್ಟು ಚದರಡಿ, ಎಷ್ಟು ಮಂದಿ, ಸ್ವಂತವೋ ಬಾಡಿಗೆಯೋ ಪಗಡಿಯೋ, ಕಟ್ಟುವವರೊಡನೆ ಆದ ಕರಾರು ನೋಂದಣಿಯಾಗಿದೆಯೇ, ಬಾಡಿಗೆಯ ಹಣ ಸರಿಯಾಗಿ ಬರುತ್ತಿದೆಯೇ. 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ, ಅರ್ಜಿಗೆ ಹತ್ತು ರೂಪಾಯಿ. ಮಾರಾಟದ ಕಟ್ಟಡ ಎಂದು ಮುಗಿಯಬೇಕೆಂಬ ದಿನಾಂಕ 2017ರಿಂದ ಮಹಾರೇರಾದಲ್ಲಿ ಎಲ್ಲರಿಗೂ ತೆರೆದಿದೆ. ಇವೆಲ್ಲವನ್ನೂ ಸೇರಿಸಿ ತಿಂಗಳಿಗೊಂದು ಪುಟ ಕನ್ನಡದಲ್ಲಿ ಅಚ್ಚಾಗಲಿ. ಮನೆ ಕೆಡವುವ ಮೊದಲು ಸಹಿ ಹಾಕಲು ಕುಳಿತವರು ಆ ಪುಟ ಓದಿ ಒಂದು ಪ್ರಶ್ನೆ ಹೆಚ್ಚು ಕೇಳಿದರೂ ಸಾಕು.

ಚೀಟಿಗಳು ಬಂದರೆ ಕೂಡಿಸಿ ಕಳೆದು ಬರೆಯುವ ಕೆಲಸ ನಮಗಿರಲಿ. ಗುಮಾಸ್ತರಾದ ನಮಗೆ ಅಷ್ಟಾದರೂ ಬರುತ್ತದೆ.