ನಿಂತ ಓಟ

ವಿಘ್ನ ಬಂದೊಡನೆ ಹಿಡಿದ ಕಾರ್ಯವನ್ನು ಬಿಡುವವನು ಮಧ್ಯಮನೆಂದು ಭರ್ತೃಹರಿಯ ನೀತಿಶತಕವನ್ನು ಮುಂದಿಟ್ಟು ನಾವು ಬಹುಕಾಲ ಬೋಧಿಸಿದೆವು. ಪರೀಕ್ಷೆಯ ನಡುವೆ ಎದ್ದುಹೋದ ಶಿಷ್ಯನೊಬ್ಬನನ್ನು ಆ ಮಾತಿನಿಂದಲೇ ಹಳಿದೆವು. ಅವನು ಮರಳಿ ಶಾಲೆಗೆ ಬರಲಿಲ್ಲ.

ಈಗ ಜಪಾನಿನ ಷಿಜೋ ಕನಕುರಿಯವರ ವೃತ್ತಾಂತವು ನಮ್ಮ ಮನಸ್ಸನ್ನು ಚುಚ್ಚುತ್ತಲಿದೆ. ಟೋಕಿಯೋ ನಗರದಲ್ಲಿ ಉಪಾಧ್ಯಾಯವೃತ್ತಿಗಾಗಿ ಓದುತ್ತಿದ್ದ ಈ ತರುಣರು 1912ನೆಯ ಜುಲೈ ತಿಂಗಳಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಒಲಿಂಪಿಕ್ ಮ್ಯಾರಥಾನಿನಲ್ಲಿ ಓಡಿದರು. ದಾರಿಯು ಸುಮಾರು 25 ಮೈಲಿ. ಅಂದಿನ ಬಿಸಿಲಿಗೆ ಪೋರ್ಚುಗಲ್ ದೇಶದ ಓಟಗಾರರೊಬ್ಬರು ಪ್ರಾಣವನ್ನೇ ತೆತ್ತರು. ಬಳಲಿದ ಕನಕುರಿಯವರು ದಾರಿಬದಿಯ ಮನೆಯೊಂದರ ತೋಟವನ್ನು ಹೊಕ್ಕು, ಅಲ್ಲಿಯವರ ಉಪಚಾರದಿಂದ ಚೇತರಿಸಿಕೊಂಡು, ಅಧಿಕಾರಿಗಳಿಗೆ ತಿಳಿಸದೆ ನಾಚಿಕೆಯಿಂದ ಹೊರಟುಹೋದರು.

ಆದರೆ ಓಟವನ್ನು ತೊರೆಯಲಿಲ್ಲ. ಮುಂದೆ ಎರಡು ಒಲಿಂಪಿಕ್‌ಗಳಲ್ಲಿ ಓಡಿದರು, ಉಪಾಧ್ಯಾಯರಾಗಿ ಮಕ್ಕಳಿಗೆ ಪಾಠ ಹೇಳಿದರು. 1967ರಲ್ಲಿ ಸ್ವೀಡನ್ನಿನವರೇ ಅವರನ್ನು ಆದರದಿಂದ ಕರೆಸಿದರು. 75 ವರ್ಷದ ವೃದ್ಧರು ಓಡುತ್ತ ಗುರಿಯನ್ನು ಮುಟ್ಟಿದರು. ಹಿಡಿದ ಕಾಲವನ್ನು 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20 ಸೆಕೆಂಡುಗಳ ಮೇಲೆ ಚಿಲ್ಲರೆಯೆಂದು ಸಾರಲಾಯಿತು.

ನಿಂತವನನ್ನು ಹಳಿಯುವುದು ಸುಲಭ. ಅವನಿಗಾಗಿ ಗುರಿಯ ಬಳಿ ಕಾದಿರುವುದೇ ಗುರುಧರ್ಮ. ಇದನ್ನರಿಯಲು ನಮಗೆ ವೃದ್ಧಾಪ್ಯವೇ ಬರಬೇಕಾಯಿತು. ಮಕ್ಕಳುಳ್ಳ ಗೃಹಸ್ಥರು ಅಷ್ಟು ತಡಮಾಡದಿರಲಿ.