ಸತ್ತವರ ಹೆಸರು ಬರೆದ ಕಲ್ಲುಗಳು

ಕೋಗಳಿ ಇಂದು ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸಾವಿರ ವರ್ಷಗಳ ಹಿಂದೆ ಅದು ಒಂದು ನಾಡಿನ ಹೆಸರಾಗಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ಶಾಸನಗಳು 'ಕೋಗಳಿ ಐನೂರು' ಎಂದು ಕರೆಯುತ್ತವೆ. ಅದು ನೊಳಂಬವಾಡಿ ಮೂವತ್ತೆರಡು ಸಾಸಿರದ ಒಂದು ಭಾಗ. ಕೋಗಳಿಯ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದು ಅಲ್ಲಿಯ ಕ್ರಿ.ಶ. 1055ರ ಶಾಸನ ಹೇಳುತ್ತದೆ. ಗಂಗರು, ನೊಳಂಬರು, ರಾಷ್ಟ್ರಕೂಟರು, ಚಾಲುಕ್ಯರು, ಹೊಯ್ಸಳರು ಎಲ್ಲರ ಕಣ್ಣೂ ಈ ಸೀಮೆಯ ಮೇಲಿತ್ತು. ಎಲ್ಲರ ಕಣ್ಣು ಬಿದ್ದ ನೆಲದಲ್ಲಿ ಕಾಳಗಗಳಿಗೆ ಬರವಿರುವುದಿಲ್ಲ.

ಆ ಕಾಳಗಗಳಲ್ಲಿ ಸತ್ತವರು ಎಲ್ಲಿ ಹೋದರು? ಪಠ್ಯಪುಸ್ತಕದಲ್ಲಿ ಅವರಿಲ್ಲ. ಅಲ್ಲಿ ಗೆದ್ದ ದೊರೆಯ ಹೆಸರು, ಸೋತ ದೊರೆಯ ಹೆಸರು, ಒಂದು ಇಸವಿ ಇರುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಸತ್ತವರನ್ನು ಹುಡುಕಬೇಕಾದರೆ ಊರ ಅಗಸಿಯ ಬಳಿ, ಕೆರೆಯ ಏರಿಯ ಮೇಲೆ, ಹಳೆಯ ಗುಡಿಯ ಅಂಗಳದಲ್ಲಿ ನೋಡಬೇಕು. ಅಲ್ಲಿ ಮೊಳಕಾಲೆತ್ತರದಿಂದ ಹಿಡಿದು ಆಳೆತ್ತರದವರೆಗಿನ, ಚಿತ್ರ ಕೆತ್ತಿದ ಚಪ್ಪಡಿಗಳು ನಿಂತಿರುತ್ತವೆ, ಕೆಲವು ಬಿದ್ದಿರುತ್ತವೆ. ಅವೇ ವೀರಗಲ್ಲುಗಳು. ಕೆಲವಕ್ಕೆ ಜನ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ದೇವರೆಂದೇ ನಡೆದುಕೊಳ್ಳುತ್ತಾರೆ. ಕೆಲವು ಗುಡಿಗೆ ಸುಣ್ಣ ಹೊಡೆಯುವಾಗ ತಾವೂ ಸುಣ್ಣ ಬಳಿಸಿಕೊಂಡು ಬೆಳ್ಳಗಾಗಿವೆ. ಇನ್ನು ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕಟ್ಟೆಯ ಮೆಟ್ಟಿಲಾಗಿವೆ. ದಿನವೂ ಶಾಲೆಗೆ ಹೋಗುವ ಹುಡುಗನೊಬ್ಬ ಅದರ ಮೇಲೆ ಕುಳಿತು ಚಪ್ಪಲಿಯ ಮಣ್ಣು ಕೊಡವಿಕೊಂಡರೆ ಅವನ ತಪ್ಪೇನೂ ಇಲ್ಲ. ಅದು ಏನೆಂದು ಅವನಿಗೆ ಯಾರೂ ಹೇಳಿಲ್ಲ.

ವೀರಗಲ್ಲನ್ನು ಓದಲು ಹಳಗನ್ನಡ ಬರಬೇಕೆಂದಿಲ್ಲ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಕೆಳಗಿನ ಅಂಕಣದಲ್ಲಿ ಕಾಳಗ: ಕತ್ತಿ ಗುರಾಣಿ ಹಿಡಿದ ಅಥವಾ ಬಿಲ್ಲು ಸೆಳೆದ ವೀರ, ಎದುರಾಳಿಗಳು, ಕಾಲಬುಡದಲ್ಲಿ ಬಿದ್ದವರು. ಅಲ್ಲಿ ಹಸುಗಳ ಚಿತ್ರವಿದ್ದರೆ ಅದು ತುರುಗೊಳ್, ಅಂದರೆ ದನಗಳನ್ನು ಹೊಡೆದುಕೊಂಡು ಹೋದವರೊಡನೆ ನಡೆದ ಹೋರಾಟ. ನಡುವಿನ ಅಂಕಣದಲ್ಲಿ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿರುತ್ತಾನೆ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಮೂರ್ತಿ ಇರುತ್ತದೆ. ತುದಿಯಲ್ಲಿ ಸೂರ್ಯ ಚಂದ್ರರು. ಅವರಿರುವ ತನಕ ಈ ನೆನಪೂ ಇರಲಿ ಎಂಬುದು ಅದರ ಅರ್ಥ. ಬರಹವಿದ್ದರೆ ಅದು ಹೆಚ್ಚಾಗಿ ಅಂಕಣಗಳ ನಡುವಿನ ಪಟ್ಟಿಗಳಲ್ಲಿರುತ್ತದೆ: ಯಾವ ದೊರೆಯ ಕಾಲ, ಯಾವ ಊರು, ಯಾರ ಮಗ, ಏಕೆ ಸತ್ತ.

'ಏಕೆ ಸತ್ತ' ಎಂಬುದನ್ನು ಗಮನಿಸಬೇಕು. ಬಹಳಷ್ಟು ಕಲ್ಲುಗಳಲ್ಲಿ ಉತ್ತರ ಸಾಮ್ರಾಜ್ಯದ ಸಂಗತಿಯಲ್ಲ. ಊರ ದನ ಬಿಡಿಸಲು ಹೋಗಿ ಸತ್ತ, ಊರ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತ, ಗಡಿಯ ಜಗಳದಲ್ಲಿ ಸತ್ತ, ಕಳ್ಳರೊಡನೆ ಕಾದಿ ಸತ್ತ. ಸತ್ತವನು ಅರಸುಮಗನಾಗಬೇಕೆಂಬ ನಿಯಮವೂ ಇರಲಿಲ್ಲ. ಗಂಡಸೇ ಆಗಬೇಕೆಂಬ ನಿಯಮವೂ ಇದ್ದಂತಿಲ್ಲ. ಶ್ರವಣಬೆಳಗೊಳದ ಸುಮಾರು ಹತ್ತನೆಯ ಶತಮಾನದ ಒಂದು ವೀರಗಲ್ಲಿನಲ್ಲಿ ಕುದುರೆಯೇರಿದ ಹೆಂಗಸೊಬ್ಬಳು ಕತ್ತಿಯೆತ್ತಿ, ಆನೆಯ ಮೇಲಿನವನೊಡನೆ ಕಾದುತ್ತಿದ್ದಾಳೆ. ಅವಳ ಹೆಸರು ಸಾವಿಯಬ್ಬೆ. ಗಂಡನೊಡನೆ ಯುದ್ಧಕ್ಕೆ ಹೋಗಿ ಅಲ್ಲೇ ಮಡಿದವಳು.

ಸತ್ತವನ ಮನೆಯವರ ಗತಿ? ಅದಕ್ಕೂ ಏರ್ಪಾಡಿತ್ತು. ಕಲ್ಲು ನಿಲ್ಲಿಸುವುದರ ಜೊತೆಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಾಳ್ಗಚ್ಚು ಎಂದರೆ ಕತ್ತಿ ತೊಳೆದು ಕೊಟ್ಟದ್ದು. ನೆತ್ತರುಗೊಡಗೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಇಂದಿನ ಕುಟುಂಬ ಪಿಂಚಣಿಗೆ ಇಷ್ಟು ನೇರವಾದ ಹೆಸರಿಲ್ಲ.

ಇನ್ನು ದೊರೆಗಳ ಸ್ಮಾರಕಗಳ ಬಗೆಯೇ ಬೇರೆ. ಕೋಗಳಿ ನಾಡಿಗೆ ಸಂಬಂಧಿಸಿದ ಒಂದು ದೊಡ್ಡ ಉದಾಹರಣೆ ಈ ಸೀಮೆಯಿಂದ ದೂರ, ಅದೇ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿದೆ. ಬಸದಿಗಳ ಆವರಣದ ಬಾಗಿಲಲ್ಲಿ ನಿಂತಿರುವ ಕೂಗೆ ಬ್ರಹ್ಮದೇವರ ಕಂಬ ಗಂಗರ ದೊರೆ ಮಾರಸಿಂಹನ ಸ್ಮಾರಕ. ಅವನು ಸುಮಾರು ಕ್ರಿ.ಶ. 974ರಲ್ಲಿ ಬಂಕಾಪುರದಲ್ಲಿ ಗುರು ಅಜಿತಸೇನರ ಬಳಿ ಸಲ್ಲೇಖನ ವ್ರತ ಹಿಡಿದು ಸತ್ತ. ಆದರೆ ಕಂಬದ ಮೇಲಿನ ಬರಹದಲ್ಲಿ ವ್ರತಕ್ಕಿಂತ ಯುದ್ಧಗಳ ಮಾತೇ ಹೆಚ್ಚು. ಉಚ್ಚಂಗಿಯ ಕೋಟೆ ಹಿಡಿದದ್ದು, ನೊಳಂಬರ ವಂಶ ಮುರಿದದ್ದು ಅದರಲ್ಲಿವೆ. 'ನೊಳಂಬಕುಲಾಂತಕ' ಎಂಬ ಬಿರುದು ಅವನಿಗೆ ಬಂದದ್ದು ಹಾಗೆ. ಉಚ್ಚಂಗಿ ಎಂದರೆ ಇಂದಿನ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ, ಜಾತ್ರೆಗೆ ಮಕ್ಕಳು ಮೆಟ್ಟಿಲು ಎಣಿಸುತ್ತ ಹತ್ತುವ ಅದೇ ಬೆಟ್ಟ. ಅಂದು ಆ ಬೆಟ್ಟದ ಕೋಟೆಯೊಳಗೆ ಕಾವಲು ನಿಂತು ಸತ್ತವರ ಹೆಸರುಗಳಿಗೆ ಗೆದ್ದವನ ಕಂಬದಲ್ಲಿ ಜಾಗವಿಲ್ಲ.

ಯುದ್ಧದ ನೆನಪನ್ನು ದೇವರ ಮನೆಯ ಆವರಣದಲ್ಲಿ ಇಡುವ ರೂಢಿ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಊರೂರ ಚರ್ಚುಗಳಲ್ಲಿ ಅದನ್ನು ಕಾಣಬಹುದು. ಅಷ್ಟು ದೂರ ಹೋಗಲಾಗದವರು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪೂರ್ವದ ತುದಿಗೆ ಹೋದರೆ ಸಾಕು. ಅಲ್ಲಿಯ ಟ್ರಿನಿಟಿ ಚರ್ಚು 1851ರಲ್ಲಿ ದಂಡಿನ ಬ್ರಿಟಿಷ್ ಸೈನಿಕರಿಗಾಗಿ ಕಟ್ಟಿದ್ದು. ಒಳಗೆ 1845ರಲ್ಲಿ ತೀರಿಕೊಂಡ ಮೇಜರ್ ಜನರಲ್ ಕ್ಲೆಮೆಂಟ್ ಹಿಲ್ ಅವರ ಆಳೆತ್ತರದ ಅಮೃತಶಿಲೆಯ ಮೂರ್ತಿಯಿದೆ. ಗೋಡೆಗಳ ಮೇಲೆ ಸೇನಾಧಿಕಾರಿಗಳ ಸ್ಮರಣೆಯ ಫಲಕಗಳಿವೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಚರ್ಚುಗಳಲ್ಲೂ ಬಹುಪಾಲು ಹೀಗೆಯೇ. ಅಮೃತಶಿಲೆ ಕೊಳ್ಳಬಲ್ಲ ಮನೆತನದ ಅಧಿಕಾರಿಗೆ ಗೋಡೆಯ ಮೇಲೆ ಹೆಸರು ಸಿಗುತ್ತಿತ್ತು. ಅವನ ಕೈಕೆಳಗೆ ಸತ್ತ ಸಾಮಾನ್ಯ ಸಿಪಾಯಿಗೆ ಸಿಗುತ್ತಿದ್ದದ್ದು ಅಪರೂಪ.

ಇದು ಬದಲಾದದ್ದು 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಿಂದ. ಆ ಯುದ್ಧಕ್ಕೆ ಹೋದವರು ಕೂಲಿಗಾರರ, ಗುಮಾಸ್ತರ, ರೈತರ ಮಕ್ಕಳು. ಸತ್ತವರ ದೇಹಗಳನ್ನು ಮನೆಗೆ ತರುವುದಿಲ್ಲವೆಂದು ಬ್ರಿಟಿಷ್ ಸರ್ಕಾರ ನಿರ್ಧರಿಸಿತು. ಸತ್ತ ನೆಲದಲ್ಲೇ ಎಲ್ಲರ ಸಮಾಧಿ. ದೇಹವೇ ಸಿಗದವರೂ ಲಕ್ಷಾಂತರ. ಹೀಗಾಗಿ ಇಂಗ್ಲೆಂಡಿನ ಹಳ್ಳಿಯ ತಾಯಿಗೆ ಹೂವಿಡಲು ಮಗನ ಸಮಾಧಿ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಊರ ಚರ್ಚಿನ ಗೋಡೆಯ ಮೇಲಿನ ಹಿತ್ತಾಳೆಯ ಅಥವಾ ಕಲ್ಲಿನ ಫಲಕ. ಅದರಲ್ಲಿ ಊರಿನ ಎಲ್ಲರ ಹೆಸರುಗಳು, ಅನೇಕ ಕಡೆ ಪದವಿಯ ಭೇದವಿಲ್ಲದೆ ಅಕ್ಷರಾನುಕ್ರಮದಲ್ಲಿ. ಜಮೀನುದಾರನ ಮಗ, ಅವನ ತೋಟದ ಮಾಲಿಯ ಮಗ ಒಂದೇ ಪಟ್ಟಿಯಲ್ಲಿ ಒಬ್ಬರ ಕೆಳಗೊಬ್ಬರು. ಒಂದೇ ಮನೆತನದ ಹೆಸರು ಎರಡು ಮೂರು ಸಲ ಬಂದಿದ್ದರೆ ಅಣ್ಣತಮ್ಮಂದಿರು ಎಂದು ಹೊರಗಿನವರಿಗೂ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಅದೇ ಫಲಕದ ಕೆಳಗೆ ಇನ್ನಷ್ಟು ಹೆಸರು ಸೇರಿದವು. ಪ್ರತಿವರ್ಷ ನವೆಂಬರಿನ ಎರಡನೆಯ ಭಾನುವಾರ ಆ ಹೆಸರುಗಳನ್ನು ಗಟ್ಟಿಯಾಗಿ ಓದುವ ಪದ್ಧತಿ ಎಷ್ಟೋ ಊರುಗಳಲ್ಲಿ ಇಂದಿಗೂ ಇದೆ. ಯುದ್ಧಕ್ಕೆ ಹೋದವರೆಲ್ಲ ಜೀವಸಹಿತ ಹಿಂತಿರುಗಿದ ಹಳ್ಳಿಗಳು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸಿಕ್ಕಿರುವುದು ಐವತ್ತರ ಆಸುಪಾಸು ಮಾತ್ರ. ಅವನ್ನು 'ಋಣಿ ಹಳ್ಳಿಗಳು' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಅದೇ ಯುದ್ಧಕ್ಕೆ ಭಾರತದಿಂದಲೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ಎಪ್ಪತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಯುದ್ಧ ಮುಗಿದ ಮೇಲೆ ಆಗಿನ ಸರ್ಕಾರ ನಮ್ಮ ದೇಶದ ಅನೇಕ ಹಳ್ಳಿಗಳಲ್ಲೂ ಫಲಕ ಹಾಕಿಸಿತು. ಅವುಗಳ ಒಕ್ಕಣೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಅಷ್ಟೇ. ಅಂಕಿಯಿದೆ, ಹೆಸರಿಲ್ಲ. ದೆಹಲಿಯ ಇಂಡಿಯಾ ಗೇಟಿನಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ ಎಂಬುದು ನಿಜ. ಆದರೂ ಎಲ್ಲರಿಗೂ ಸಮಾನ ಗೌರವ ಎಂಬ ತತ್ವದ ಮೇಲೆ ಹುಟ್ಟಿದ ಯುದ್ಧ ಸಮಾಧಿಗಳ ಆಯೋಗವೇ 2021ರಲ್ಲಿ ಒಂದು ವರದಿ ಹೊರಡಿಸಿ ತಪ್ಪು ಒಪ್ಪಿಕೊಂಡಿತು. ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಕಡೆಯವರೇ ಹೆಚ್ಚಾಗಿರುವ ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಲೇ ಇಲ್ಲ. ಭಾರತೀಯರೂ ಸೇರಿದ ಇನ್ನೂ ಸಾವಿರಾರು ಜನರನ್ನು ಅಸಮಾನವಾಗಿ ಸ್ಮರಿಸಲಾಯಿತು ಎಂದು ಆ ವರದಿ ಹೇಳಿತು. ನೂರು ವರ್ಷ ತಡವಾದರೂ ಒಪ್ಪಿಕೊಂಡದ್ದು ಒಳ್ಳೆಯದೇ.

ಈ ಅಂಕಿಗಳನ್ನು ನೋಡಿದ ಮೇಲೆ ಆತಕೂರಿನ ಕಲ್ಲಿನ ಬೆಲೆ ಗೊತ್ತಾಗುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಸುಮಾರು ಕ್ರಿ.ಶ. 950ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ತಕ್ಕೋಲದಲ್ಲಿ ನಡೆಸಿದ ಭಾರಿ ಯುದ್ಧದ ಸುದ್ದಿಯೂ ಅದರಲ್ಲಿದೆ. ಆದರೆ ಕಲ್ಲು ನಿಲ್ಲಿಸಿದ್ದು ಒಂದು ನಾಯಿಗೆ. ಮಣಲೆರ ಎಂಬ ವೀರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಂದಿಗೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಡಿಸಿ, ಈ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಕಾಳಿಯ ಹೆಸರು ಇಂದಿಗೂ ಸ್ಪಷ್ಟವಾಗಿ ಓದಲು ಸಿಗುತ್ತದೆ.

ಹೀಗೆ ಒಬ್ಬರನ್ನು ನೆನೆಯಲು ಬರೆದದ್ದು ಮತ್ತಾವುದನ್ನೋ ಉಳಿಸಿಕೊಡುವುದುಂಟು. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದು ಯಾವ ರಾಜಾಜ್ಞೆಯಲ್ಲೂ ಅಲ್ಲ, ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ಒಂದು ಕಲ್ಲಿನಲ್ಲಿ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತರೆಂದು ಅದು ಹೇಳುತ್ತದೆ. ಆ ಕಲ್ಲನ್ನು ಯಾರೋ ಮೆಟ್ಟಿಲಿಗೆ ಹಾಕಿಕೊಂಡಿದ್ದರೆ ರಾಜಧಾನಿಯ ವಯಸ್ಸು ಕೆಲವು ಶತಮಾನ ಕಡಿಮೆಯಾಗುತ್ತಿತ್ತು.

ಕೋಗಳಿ ಸೀಮೆಯ ಎಷ್ಟು ಕಲ್ಲುಗಳು ಹೀಗೆ ಮೆಟ್ಟಿಲಾಗಿ ಹೋದವೋ ಲೆಕ್ಕ ಹಾಕಲು ಬಾರದು. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಇಲ್ಲಿಯ ಶಾಸನಗಳು ಮೈಸೂರಿನ ಸಂಪುಟಗಳಲ್ಲಿ ಸೇರಲಿಲ್ಲ. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅನೇಕವು ಅಚ್ಚಾಗಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಬಳ್ಳಾರಿ ಜಿಲ್ಲೆಯ ಶಾಸನಗಳ ಸಂಪುಟ ತಂದಿದೆ. ಊರಿನ ಹೆಸರು ಹಿಡಿದು ಅವುಗಳಲ್ಲಿ ಹುಡುಕುವುದು ಹೈಸ್ಕೂಲಿನ ಮಕ್ಕಳಿಗೂ ಕಷ್ಟದ ಕೆಲಸವಲ್ಲ. ಅಪ್ಪ ಅಮ್ಮಂದಿರು ಒಂದು ಭಾನುವಾರ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಅಚ್ಚಾಗದ ಕಲ್ಲು ಕಂಡರೆ ಫೋಟೋ ತೆಗೆದು, ಜಾಗ ಬರೆದುಕೊಂಡು, ಪುರಾತತ್ವ ಇಲಾಖೆಗೋ ಶಾಲೆಯ ಇತಿಹಾಸದ ಮೇಷ್ಟ್ರಿಗೋ ತಿಳಿಸಬಹುದು. ನಿಧಿಯ ಆಸೆಗೆ ಕಲ್ಲಿನ ಬುಡ ಅಗೆಯುವವರು ಈಗಲೂ ಇದ್ದಾರೆ. ವೀರಗಲ್ಲಿನ ಕೆಳಗೆ ಹೊನ್ನು ಇಡುವ ಪದ್ಧತಿ ಇರಲಿಲ್ಲವೆಂದು ಅವರಿಗೆ ಹೇಳುವವರು ಬೇಕು.

ಕಲ್ಲನ್ನು ತಂತಿಯ ಬ್ರಷ್ಷಿನಿಂದ ಉಜ್ಜಬಾರದು, ಅಕ್ಷರದ ಮೇಲೆ ಬಣ್ಣ ತುಂಬಬಾರದು. ಮೃದುವಾದ ಬಟ್ಟೆಯಿಂದ ಮಣ್ಣು ಒರೆಸಿದರೆ ಸಾಕು. ನಡುಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಸಂಜೆ ಐದರ ಸುಮಾರಿಗೆ ಓರೆ ಬಿಸಿಲು ಬಿದ್ದಾಗ, ಬರಿಯ ಗೀರುಗಳಂತೆ ಕಾಣುತ್ತಿದ್ದ ಪಟ್ಟಿಯಲ್ಲಿ ಅಕ್ಷರಗಳು ಏಳುತ್ತವೆ. ಎಡತುದಿಯಿಂದ ಬೆರಳಾಡಿಸುತ್ತ ಬಂದರೆ ಮೊದಲು ಸಿಗುವ ಪದ ಬಹುಶಃ 'ಸ್ವಸ್ತಿ' ಆಗಿರುತ್ತದೆ. ಹೆಸರು ಅದರಿಂದ ಒಂದೆರಡು ಸಾಲು ಮುಂದೆ ಇರುತ್ತದೆ.